ನಾನ್ನೂರ ಹನ್ನೆರಡು ಪತ್ರ ಬಚ್ಚಿಟ್ಟ ರಿಪ್ಲೈ ಅಕ್ಕ

ಬೆಳಿಗ್ಗೆ ಆರಕ್ಕೆ ಇನ್ನೂ ಹತ್ತು ನಿಮಿಷ ಇದೆ. ನಾಲ್ಕು ಮಹಡಿಯ ಕಟ್ಟಡದಲ್ಲಿ ನೆಲಮಹಡಿಯ ಮೂಲೆಯ ಒಂದೇ ಒಂದು ಟ್ಯೂಬ್‌ಲೈಟ್ ಉರಿಯುತ್ತಿದೆ. ಅದರ ಕೆಳಗೆ ಕೂತ ಹೆಂಗಸು ಮೇಜಿನ ಡ್ರಾಯರ್ ಎಳೆದು ಏಳು ಹಳೆಯ ಫೋನುಗಳನ್ನು ಒಂದೊಂದಾಗಿ ತೆಗೆದು ಸಾಲಾಗಿ ಇಡುತ್ತಾರೆ. ಒಂದರ ಗಾಜು ಒಡೆದು ಚೂರಾಗಿದೆ, ಮೇಲೆ ಸೆಲೋಟೇಪ್ ಅಂಟಿಸಿದ್ದಾರೆ. ಇನ್ನೊಂದರ ಬೆನ್ನು ಬಿಚ್ಚಿಕೊಳ್ಳದಂತೆ ರಬ್ಬರ್‌ಬ್ಯಾಂಡ್ ಸುತ್ತಿದ್ದಾರೆ. ಮೂರನೆಯದು ಚಾರ್ಜರ್ ಕಿತ್ತರೆ ಅಲ್ಲೇ ಪ್ರಾಣ ಬಿಡುತ್ತದೆ. ಏಳಕ್ಕೂ ಜೀವ ಬರುವಷ್ಟರಲ್ಲಿ ಅವರು ಫ್ಲಾಸ್ಕಿನ ಚಹಾ ಬಗ್ಗಿಸಿಕೊಂಡು ಕಂಪ್ಯೂಟರಿನಲ್ಲಿ ಮೊದಲ ದೂರನ್ನು ತೆರೆಯುತ್ತಾರೆ.

'ನಿಮ್ಮ ಆ್ಯಪ್ ಕಳ್ಳ. ನನ್ನ ವಕೀಲರ ಇಮೇಲನ್ನು ಕಣ್ಣೆದುರಿಗೇ ನುಂಗಿ ಹಾಕಿತು' ಎಂದು ಯಾರೋ ಬರೆದಿದ್ದಾರೆ. ಒಂದೇ ನಕ್ಷತ್ರ ಕೊಟ್ಟಿದ್ದಾರೆ. ಸೊನ್ನೆ ಕೊಡಲು ಅವಕಾಶ ಇಲ್ಲದ್ದಕ್ಕೆ ಒಂದು ಎಂದೂ ಸೇರಿಸಿದ್ದಾರೆ.

ಅವರ ಮುಖದಲ್ಲಿ ಒಂದು ಗೆರೆಯೂ ಕದಲುವುದಿಲ್ಲ. ಎರಡನೇ ಫೋನನ್ನು ಕೈಗೆತ್ತಿಕೊಂಡು ಒಂದು ಇಮೇಲಿನ ಮೇಲೆ ಹೆಬ್ಬೆರಳನ್ನು ಎಡಕ್ಕೆ ಎಳೆಯುತ್ತಾರೆ. ಮೇಲ್ ಮಾಯ. "ನುಂಗಿಲ್ಲ, ಒಳಗಿನ ಕೋಣೆಗೆ ಹೋಗಿ ಕೂತಿದೆ. ಬಸ್ಸಲ್ಲಿ ಒಂದೇ ಕೈಲಿ ಫೋನ್ ಹಿಡ್ಕೊಂಡು ನೋಡಿರ್ತಾರೆ, ಬೆರಳು ಜಾರಿರತ್ತೆ" ಎನ್ನುತ್ತಾರೆ. ಅವರ ದನಿ ಒಡಕು, ಪಿಸುಮಾತಿಗಿಂತ ಒಂದೇ ಮೆಟ್ಟಿಲು ಮೇಲೆ. ಆಮೇಲೆ ಉತ್ತರ ಬರೆಯುತ್ತಾರೆ: ನಿಮ್ಮ ವಕೀಲರ ಮೇಲ್ ಎಲ್ಲೂ ಹೋಗಿಲ್ಲ, ಅದು ಇಂಥಲ್ಲಿದೆ, ಹೀಗೆ ಹೋಗಿ, ಹೀಗೆ ಒತ್ತಿ, ಇನ್ನೊಮ್ಮೆ ಹೀಗಾಗದಿರಲು ಈ ಒಂದು ಟಿಕ್ ತೆಗೆಯಿರಿ. ಒಟ್ಟು ಆರು ಸಾಲು. ನಿಮ್ಮ ಬೆರಳು ಜಾರಿದೆ ಎಂಬ ಮಾತು ಆ ಆರು ಸಾಲಿನಲ್ಲಿ ಎಲ್ಲೂ ಇಲ್ಲ. ಬೈದವರನ್ನೇ ತಪ್ಪಿತಸ್ಥರನ್ನಾಗಿ ಮಾಡಿದರೆ ಅವರು ಎರಡನೇ ಸಾಲು ಓದುವುದಿಲ್ಲವಂತೆ.

ಲಕ್ಷಾಂತರ ಮಂದಿ ಮೇಲ್ ನೋಡಲು ಬಳಸುವ, ಹಳದಿ ಲಕೋಟೆಯ ಗುರುತಿನ ಆ್ಯಪ್ ಇದು. ಎಲ್ಲರ ಬಾಯಲ್ಲೂ ಅದರ ಹೆಸರು 'ಹಳದಿ ಲಕೋಟೆ' ಎಂದೇ. ದಿನಕ್ಕೆ ನೂರ ನಲವತ್ತರಿಂದ ನೂರ ಎಂಬತ್ತು ದೂರು, ಸಲಹೆ, ಬೈಗುಳ ಬರುತ್ತವೆ. ಸುಮಾರು ಅರ್ಧಕ್ಕೆ ಯಂತ್ರವೇ ಸಿದ್ಧ ಉತ್ತರ ಕಳಿಸುತ್ತದೆ. ಯಂತ್ರ ಕೈಚೆಲ್ಲಿದ ಎಪ್ಪತ್ತು, ಎಂಬತ್ತು ಇವರ ಪಾಲು. ಆರು ವರ್ಷದಲ್ಲಿ ಇವರ ಬೆರಳಿನಿಂದ ಹೋದ ಉತ್ತರ ಒಂದು ಲಕ್ಷದ ಇಪ್ಪತ್ತು ಸಾವಿರ ದಾಟಿದೆ. ಕಚೇರಿಯಲ್ಲಿ ಇವರನ್ನು ಕರೆಯುವುದು ರಿಪ್ಲೈ ಅಕ್ಕ ಎಂದು. ಉತ್ತರದ ಕೆಳಗೆ ಮಾತ್ರ ಆ ಹೆಸರೂ ಇರುವುದಿಲ್ಲ, 'ಬಳಕೆದಾರರ ಸಹಾಯ ವಿಭಾಗ' ಎಂದಿರುತ್ತದೆ.

ನನಗೆ ಇವರು ಸಿಕ್ಕಿದ್ದೂ ಹಾಗೆಯೇ. ಕಳೆದ ತಿಂಗಳು ನನ್ನ ಇಮೇಲುಗಳು ಮೂರು ದಿನ ಹೊರಗೆ ಹೋಗದೆ ನಿಂತಿದ್ದವು. ನಾನೂ ಸಿಟ್ಟಿನಲ್ಲಿ ನಾಲ್ಕು ಮಾತು ಬರೆದೆ. ಫೋನಿನ ತಾರೀಕು ಒಂದು ವರ್ಷ ಹಿಂದಿದೆಯೇ ನೋಡಿ ಎಂದು ಉತ್ತರ ಬಂತು. ನೋಡಿದರೆ ಹೌದು. ಬ್ಯಾಟರಿ ಬದಲಾಯಿಸಿದ ಅಂಗಡಿಯಲ್ಲಿ ಹಾಗಾಗಿತ್ತು. ತಾರೀಕು ತಪ್ಪಿದ ಫೋನನ್ನು ಇಮೇಲ್ ವ್ಯವಸ್ಥೆ ನಂಬುವುದಿಲ್ಲ, ಬಾಗಿಲು ತೆಗೆಯುವುದಿಲ್ಲ. ನನ್ನ ನಾಲ್ಕು ಬೈಗುಳದಿಂದ ಇಷ್ಟನ್ನು ಊಹಿಸಿದವರು ಯಾರು ಎಂಬ ಕುತೂಹಲ ತಡೆಯಲಾಗದೆ, ಎಲೆಮರೆಯ ಕಾಯಿಗಳ ಬಗ್ಗೆ ಬರೆಯುವ ಈ ಪುಟಕ್ಕೆ ನಿಮ್ಮನ್ನು ಮಾತಾಡಿಸಬಹುದೇ ಎಂದು ಕೇಳಿದೆ. ಮರುದಿನ ಬಂದ ಉತ್ತರದಲ್ಲಿ ಒಂದೇ ಸಾಲಿತ್ತು. ನಿಮ್ಮ ಹೆಸರು ಎರಡು ವರ್ಷದಿಂದ ನಮ್ಮ ಮನೆಯ ಫ್ರಿಜ್ ಮೇಲಿದೆ, ಬನ್ನಿ.

ಮನೆಗೆ ಹೋದಾಗ ಕಂಡೆ. ಎರಡು ಕೋಣೆಯ ಮನೆ, ಅಡುಗೆಮನೆಯಲ್ಲಿ ಮೊಣಕಾಲೆತ್ತರದ ಫ್ರಿಜ್, ಅದರ ಮೇಲೆ ಪ್ಲಾಸ್ಟಿಕ್ ಹಾಳೆಯೊಳಗೆ ಭದ್ರವಾಗಿ ಕೂತ ಪತ್ರಿಕೆಯ ತುಣುಕು. ಬರೆದದ್ದು ನಾನೇ. ಹಳದಿ ಲಕೋಟೆಯಲ್ಲಿ 'ದೊಡ್ಡಕ್ಷರ' ಎಂಬ ಬಟನ್ ರೂಪಿಸಿದ ವಿನ್ಯಾಸಗಾರ್ತಿಯ ಪರಿಚಯ ಲೇಖನ ಅದು. ಆ ಬಟನ್ ಒತ್ತಿದರೆ ಜಾಹೀರಾತು, ಚಿತ್ರ, ಗುರುತುಗಳೆಲ್ಲ ಬದಿಗೆ ಸರಿದು ಪತ್ರದ ಮಾತು ಮಾತ್ರ ಹೆಬ್ಬೆಟ್ಟಿನಷ್ಟು ಅಕ್ಷರದಲ್ಲಿ ಮೂಡುತ್ತದೆ, ಬೇಕಾದರೆ ಓದಿಯೂ ಹೇಳುತ್ತದೆ. ಫೋಟೋದಲ್ಲಿ ವಿನ್ಯಾಸಗಾರ್ತಿ ಕಿಟಕಿಯ ಬಳಿ ನಿಂತು ನಗುತ್ತಿದ್ದಾರೆ. ಅವರು ರಿಪ್ಲೈ ಅಕ್ಕನ ಸ್ವಂತ ತಂಗಿ, ಒಂಬತ್ತು ವರ್ಷಕ್ಕೆ ಕಿರಿಯರು, ಮನೆಯಲ್ಲಿ ಪುಟ್ಟಿ.

ತುಣುಕನ್ನು ಅಲ್ಲಿಟ್ಟವರು ಇವರ ಅಮ್ಮ. ಬಂದವರಿಗೆಲ್ಲ ತೋರಿಸುತ್ತಾರೆ. ಗ್ಯಾಸ್ ಸಿಲಿಂಡರ್ ತರುವವನಿಗೂ ತೋರಿಸಿದ್ದಾರೆ. ನನಗೂ ತೋರಿಸಿದರು, ಬರೆದವರು ನಾನೇ ಎಂದು ಗೊತ್ತಿದ್ದೂ. ಆಮೇಲೆ ದೊಡ್ಡ ಮಗಳ ಕಡೆ ಕೈ ಮಾಡಿ, ಇವಳೂ ಪುಟ್ಟಿಯ ಆಫೀಸಿನಲ್ಲೇ ಏನೋ ಮಾಡುತ್ತಾಳೆ ಎಂದರು. ದೊಡ್ಡ ಮಗಳು ಲೋಟ ತೊಳೆಯುತ್ತಿದ್ದರು. ನಲ್ಲಿಯನ್ನು ಬೇಕಾದ್ದಕ್ಕಿಂತ ಜಾಸ್ತಿ ತಿರುಗಿಸಿದರು.

ಇಂಥ ಲೇಖನಗಳಲ್ಲಿ ಈ ಜಾಗದಲ್ಲಿ ಒಂದು ತ್ಯಾಗದ ಕಥೆ ಬರಬೇಕು. ತಂಗಿಯ ಓದಿಗಾಗಿ ಅಕ್ಕ ತನ್ನ ಓದು ಬಿಟ್ಟಳು ಎಂಬ ಥರದ್ದು. ನಾನೂ ಅದನ್ನೇ ಕೇಳಿದೆ.

"ಯಾರಿಗೂ ಏನೂ ತ್ಯಾಗ ಮಾಡಿಲ್ಲ ನಾನು. ಗಣಿತದಲ್ಲಿ ಎರಡು ಸಲ ಫೇಲಾದೆ, ಅಷ್ಟೇ. ಅವಳು ಒಂದೇ ಸಲಕ್ಕೆ ಪಾಸಾದ್ಲು. ತ್ಯಾಗ ಮಾಡಿದ್ದಿದ್ರೆ ನನ್ನ ಹೊಟ್ಟೆಕಿಚ್ಚಿಗೂ ಒಂದು ಮರ್ಯಾದೆ ಇರ್ತಿತ್ತು."

ಹೊಟ್ಟೆಕಿಚ್ಚು ಎಂಬ ಪದವನ್ನು ಅವರು ಬಳಸಿದ್ದು ಆಗಲೇ. ಯಾರೋ ತಮ್ಮ ಸಕ್ಕರೆ ಕಾಯಿಲೆ ಬಗ್ಗೆ ಹೇಳುವಷ್ಟೇ ಸಲೀಸಾಗಿ ಹೇಳಿದರು. ಇದನ್ನೂ ಬರೆಯಬಹುದೇ ಎಂದೆ. ಎಲ್ಲ ಬರೀರಿ, ತ್ಯಾಗಮಯಿ ಅಂತ ಮಾತ್ರ ಬರೀಬೇಡಿ ಎಂದರು.

ಹನ್ನೊಂದು ವರ್ಷ ಇವರು ದೊಡ್ಡ ಆಸ್ಪತ್ರೆಯೊಂದರಲ್ಲಿ ಟೆಲಿಫೋನ್ ಆಪರೇಟರ್. ಬೆಳಿಗ್ಗೆಯಿಂದ ಸಂಜೆಯವರೆಗೆ ಮಾತು. ಯಾವ ವಾರ್ಡು, ಯಾವ ಹಾಸಿಗೆ, ವೈದ್ಯರು ಇದ್ದಾರೆಯೇ, ಇಲ್ಲವೇ. ಅತ್ತುಕೊಂಡು ಕರೆ ಮಾಡಿದವರ ಎರಡು ಮಾತಿನಿಂದಲೇ ಯಾವ ವಿಭಾಗಕ್ಕೆ ಕೊಡಬೇಕೆಂದು ತಿಳಿಯುತ್ತಿತ್ತು. ಅರ್ಧಂಬರ್ಧ ಹೇಳಿದ್ದನ್ನು ಪೂರ್ತಿ ಮಾಡಿಕೊಳ್ಳುವ ವಿದ್ಯೆ ಕಲಿತದ್ದು ಅಲ್ಲೇ ಎನ್ನುತ್ತಾರೆ. ಮಾತೇ ಕೊನೆಗೆ ಗಂಟಲು ತಿಂದಿತು. ಧ್ವನಿತಂತುಗಳ ಮೇಲೆ ಗಂಟು ಬೆಳೆದು ಶಸ್ತ್ರಚಿಕಿತ್ಸೆ ಆಯಿತು. ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಮಾತಾಡಬಾರದೆಂದು ವೈದ್ಯರು ಕಟ್ಟುನಿಟ್ಟಾಗಿ ಹೇಳಿದರು. ಮಾತೇ ಕೆಲಸವಾಗಿದ್ದವರಿಗೆ ಕೆಲಸ ಹೋಯಿತು. ಗಂಡ ಶಾಲೆಯ ಬಸ್ಸಿನ ಡ್ರೈವರ್. ಆ ವರ್ಷ ಮನೆಯಲ್ಲಿ ಇಬ್ಬರೂ ಚೀಟಿ ಬರೆದುಕೊಂಡು ಜಗಳವಾಡುತ್ತಿದ್ದರಂತೆ. ಚೀಟಿಯಲ್ಲಿ ಜಗಳ ಬೇಗ ಮುಗಿಯುತ್ತದೆ, ಬರೆಯುವಷ್ಟರಲ್ಲಿ ಅರ್ಧ ಸಿಟ್ಟು ಇಳಿದಿರುತ್ತದೆ ಎಂದು ಗಂಡ ನಗುತ್ತಾರೆ.

ಆಗ ಪುಟ್ಟಿ ತಮ್ಮ ಕಚೇರಿಯಲ್ಲಿ ಹೇಳಿ ಈ ಕೆಲಸ ಕೊಡಿಸಿದರು. ಬರೆಯುವ ಕೆಲಸ, ಮಾತಿಲ್ಲ. ಅಕ್ಕನಿಗೆ ಅದು ಉಪಕಾರವೂ ಹೌದು, ಚುಚ್ಚಿಕೊಂಡ ಮುಳ್ಳೂ ಹೌದು. ಮೊದಲ ದಿನವೇ ಮೇಲ್ವಿಚಾರಕ ಎಲ್ಲರಿಗೂ ಪರಿಚಯಿಸಿದ್ದು, ಮೂರನೇ ಮಹಡಿಯ ಮೇಡಂ ಅವರ ಅಕ್ಕ ಎಂದು.

ಮೂರನೇ ಮಹಡಿಯಲ್ಲಿ ಆ್ಯಪ್ ಹುಟ್ಟುತ್ತದೆ. ನೆಲಮಹಡಿಯಲ್ಲಿ ಅದರ ಕಾಯಿಲೆಗಳು ಬಂದು ಬೀಳುತ್ತವೆ. ಇಷ್ಟೇ ವ್ಯತ್ಯಾಸ. ಹೊಸ ಅಪ್‌ಡೇಟ್ ಬಿಟ್ಟ ದಿನ ಮೇಲೆ ಕೇಕ್ ಕತ್ತರಿಸುತ್ತಾರೆ. ಕೆಳಗೆ ಅಂದು ದೂರು ಮುನ್ನೂರು ದಾಟುತ್ತದೆ. ಒಂದು ಕಾಯಿಲೆ ನಿಜವೇ ಎಂದು ತಿಳಿಯಬೇಕಾದರೆ ಅದನ್ನು ತಮ್ಮ ಫೋನಿಗೂ ಬರಿಸಿಕೊಳ್ಳಬೇಕು. ಅದಕ್ಕೇ ಆ ಏಳು ಹಳೆಯ ಫೋನುಗಳು. ಮೇಲಿನವರ ಬಳಿ ಇರುವುದೆಲ್ಲ ಹೊಚ್ಚಹೊಸತು, ಅವುಗಳಲ್ಲಿ ಯಾವ ಕಾಯಿಲೆಯೂ ಕಾಣಿಸುವುದಿಲ್ಲ. ಒಮ್ಮೆ ಹಳೆಯ ಫೋನುಗಳಲ್ಲಿ ಮೇಲ್ ಬಂದ ಸದ್ದೇ ಆಗುತ್ತಿಲ್ಲವೆಂದು ಸಾವಿರ ದೂರು ಬಂತು. ರಬ್ಬರ್‌ಬ್ಯಾಂಡಿನ ಫೋನಿನ ಮುಂದೆ ನಾಲ್ಕು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತು, ಬ್ಯಾಟರಿ ಶೇಕಡಾ ಇಪ್ಪತ್ತಕ್ಕಿಂತ ಕೆಳಗಿಳಿದಾಗ ಮಾತ್ರ ಹೀಗಾಗುತ್ತದೆಂದು ಇವರು ಕಂಡುಹಿಡಿದರು. ಸರಿಪಡಿಸಿದ ಇಂಜಿನಿಯರಿಗೆ ವರ್ಷದ ಪ್ರಶಸ್ತಿ ಬಂತು. ಇವರಿಗೆ ಬಂದದ್ದು ಅದೇ ಇಂಜಿನಿಯರ್ ಕಳಿಸಿದ, ಮೇಲೆತ್ತಿದ ಒಂದು ಹೆಬ್ಬೆರಳಿನ ಚಿತ್ರ.

"ಅದೆಲ್ಲ ನುಂಗ್ಕೊಂಡೆ. ಬೇರೆಯವರು ಮೇಲೆ ಹೋದ್ರೆ ನನಗೆ ಅಷ್ಟು ಉರಿಯಲ್ಲ. ತಂಗಿ ಹೋದ್ರೆ ಉರಿಯತ್ತೆ. ಯಾಕೆ ಅಂತ ಕೇಳಬೇಡಿ, ನನಗೂ ಗೊತ್ತಿಲ್ಲ."

ಉರಿ ಹೊತ್ತಿಕೊಂಡದ್ದು ನನ್ನ ಲೇಖನ ಬಂದ ಬೆಳಿಗ್ಗೆ. ಅಮ್ಮ ಜೋರಾಗಿ ಓದಿಸಿಕೊಂಡರಂತೆ. ದೊಡ್ಡ ಮಗಳು ತಮ್ಮ ಒಡಕು ದನಿಯಲ್ಲಿ ಓದುತ್ತ ಹೋದವರು ಮೂರನೇ ಪ್ಯಾರಾದಲ್ಲಿ ನಿಂತರು. ಅಲ್ಲಿ ತಂಗಿಯ ಮಾತೆಂದು ನಾನು ಹೀಗೆ ಬರೆದಿದ್ದೆ: 'ಬಳಕೆದಾರರ ಒಂದೊಂದು ದೂರನ್ನೂ ನಾನು ಓದುತ್ತೇನೆ.' ದಿನಕ್ಕೆ ಎಂಬತ್ತು ದೂರು ಓದಿ ಉತ್ತರಿಸುವವರು ಅದನ್ನು ಅಮ್ಮನಿಗೆ ಓದಿ ಹೇಳಬೇಕಾಯಿತು. ಅಮ್ಮ, ಪಾಪ, ಎಷ್ಟು ಕೆಲಸ ಅವಳಿಗೆ ಎಂದರು.

ಆಮೇಲೆ ನಡೆದದ್ದನ್ನು ಅವರು ನನ್ನ ಕಣ್ಣು ತಪ್ಪಿಸದೆ ಹೇಳಿದರು. ಪ್ರತಿ ಶುಕ್ರವಾರ ಮೂರನೇ ಮಹಡಿಗೆ ವಾರದ ವರದಿ ಕಳಿಸುವುದು ಇವರ ಕೆಲಸವಾಗಿತ್ತು. ಅದರಲ್ಲಿ ಎರಡು ಭಾಗ, ಮೊದಲು ದೂರು, ಆಮೇಲೆ ಮೆಚ್ಚುಗೆ. ದೊಡ್ಡಕ್ಷರದ ಬಗ್ಗೆ ಎರಡೂ ಬರುತ್ತಿದ್ದವು. ತಪ್ಪಿ ಬೆರಳು ತಗುಲಿ ಪತ್ರ ದಿಢೀರನೆ ದೊಡ್ಡದಾಗುತ್ತದೆಂಬ ಕಿರಿಕಿರಿ ವಯಸ್ಸಾದವರಿಗೆ ಇರಲಿಲ್ಲ, ಕಣ್ಣು ಚುರುಕಿದ್ದ ಎಳೆಯರಿಗೆ ಇತ್ತು. ಅವರೇ ಹೆಚ್ಚು ಬೈಯುತ್ತಿದ್ದರು. ಮೊದಲ ಶುಕ್ರವಾರ ರಿಪ್ಲೈ ಅಕ್ಕ ಎರಡು ಮೆಚ್ಚುಗೆಗಳನ್ನು ಬಿಟ್ಟರು. ಮುಂದಿನ ವಾರ ಐದು. ತಿಂಗಳು ಕಳೆಯುವಷ್ಟರಲ್ಲಿ ಮೆಚ್ಚುಗೆಯ ಭಾಗದಲ್ಲಿ 'ಈ ವಾರ ವಿಶೇಷವೇನಿಲ್ಲ' ಎಂಬ ಒಂದೇ ಸಾಲು ಉಳಿಯಿತು. ದೂರಿನ ಭಾಗದಲ್ಲಿ ಮಾತ್ರ ಒಂದು ಕಾಮಾ ಕೂಡ ಬಿಡಲಿಲ್ಲ. ಸುಳ್ಳು ಒಂದನ್ನೂ ಬರೆಯಲಿಲ್ಲ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಳ್ಳುತ್ತಿದ್ದರಂತೆ. ಪತ್ರಗಳನ್ನು ಅಳಿಸಲೂ ಇಲ್ಲ. 'ಆಮೇಲೆ' ಎಂಬ ಹೆಸರಿನ ಫೋಲ್ಡರ್ ಮಾಡಿ ಅದರೊಳಗೆ ತುಂಬಿದರು.

ಏಳು ತಿಂಗಳು ಹೀಗೆ ನಡೆಯಿತು. ಮೇಲೆ ಮೀಟಿಂಗುಗಳಾದವು. ಕೊನೆಗೆ ಬಟನ್ ತೆಗೆದುಬಿಡೋಣ ಎಂದು ತೀರ್ಮಾನವಾಯಿತು. ತೆಗೆಯೋಣ ಎಂದವರು ಬೇರೆ ಯಾರೂ ಅಲ್ಲ, ಪುಟ್ಟಿಯೇ. ಆ ಮಧ್ಯಾಹ್ನ ರಿಪ್ಲೈ ಅಕ್ಕ ಮೆಟ್ಟಿಲು ಹತ್ತುವಾಗ, ಎರಡನೇ ಮಹಡಿಯ ತಿರುವಿನಲ್ಲಿ ತಂಗಿ ಒಬ್ಬರೇ ಕೂತು ಊಟದ ಡಬ್ಬಿ ಮುಚ್ಚಿದ್ದನ್ನು ಮತ್ತೆ ತೆಗೆಯುವುದು, ತೆಗೆದದ್ದನ್ನು ಮುಚ್ಚುವುದು ಮಾಡುತ್ತಿದ್ದುದನ್ನು ಕಂಡರು. ಮಾತಾಡಿಸದೆ ಇಳಿದು ಬಂದರು.

ಪಾಪ ಅನ್ನಿಸಿತೇ ಎಂದು ಕೇಳಿದೆ.

"ಮೊದಲು ಹೊಟ್ಟೆ ತಣ್ಣಗಾಯ್ತು. ಸುಳ್ಳು ಯಾಕೆ ಹೇಳ್ಲಿ? ಪಾಪ ಅನ್ನಿಸಿದ್ದು ಮಾರನೇ ದಿನ. ಅದೂ ಸ್ವಲ್ಪ."

ಬಟನ್ ಇಲ್ಲದ ಹೊಸ ಆವೃತ್ತಿಯನ್ನು ಎಲ್ಲರಿಗೂ ಬಿಡುವ ಮೊದಲು ಕೆಲವು ಸಾವಿರ ಮಂದಿಯ ಫೋನಿಗೆ ಪರೀಕ್ಷೆಗೆಂದು ಬಿಟ್ಟರು. ಮೂರನೇ ದಿನ ಬೆಳಿಗ್ಗೆ ಆರೂಕಾಲಿಗೆ ಒಂದು ದೂರು ಬಂತು. ಅದನ್ನು ದೂರು ಎನ್ನುವಂತೆಯೂ ಇರಲಿಲ್ಲ. ಕೈಗಡಿಯಾರ ರಿಪೇರಿ ಮಾಡುತ್ತಿದ್ದ ವೃದ್ಧರೊಬ್ಬರು ಫೋನಿಗೆ ಬಾಯಲ್ಲಿ ಹೇಳಿ ಬರೆಸಿದ್ದರು. ನಲವತ್ತು ವರ್ಷ ಭೂತಗನ್ನಡಿ ಹಿಡಿದ ಕಣ್ಣು ಈಗ ಮಂಜಾಗಿದೆ. ಮಗಳು ಸರಕು ಹಡಗಿನಲ್ಲಿ ಅಡುಗೆಯವಳು, ಬಂದರು ಸಿಕ್ಕಾಗ ಉದ್ದನೆಯ ಪತ್ರ ಬರೆಯುತ್ತಾಳೆ. ದೊಡ್ಡಕ್ಷರ ಒತ್ತಿ ಓದಿಕೊಳ್ಳುತ್ತಿದ್ದೆ, ನಿನ್ನೆಯಿಂದ ಅದು ಕಾಣುತ್ತಿಲ್ಲ. ನಾನೇ ಏನೋ ತಪ್ಪು ಒತ್ತಿರಬೇಕು, ಕ್ಷಮಿಸಿ, ವಾಪಸ್ ಬರಲು ಏನು ಮಾಡಲಿ ಎಂದು ಕೇಳಿದ್ದರು. ಕೊನೆಯಲ್ಲಿ ಫೋನ್ ನಂಬರ್ ಇತ್ತು.

ಸಿದ್ಧ ಉತ್ತರ ಇತ್ತು: ಈ ಸೌಲಭ್ಯವನ್ನು ನಿಲ್ಲಿಸಲಾಗಿದೆ, ಸಹಕಾರಕ್ಕೆ ಧನ್ಯವಾದ. ರಿಪ್ಲೈ ಅಕ್ಕ ಅದನ್ನು ಅಂಟಿಸಿದರು, ಅಳಿಸಿದರು. ಹಳೆಯ ಆವೃತ್ತಿಗೆ ಮರಳುವ ಬಗೆಯನ್ನು ಒಂಬತ್ತು ಸಾಲಿನಲ್ಲಿ ಬರೆದರು. ಕಳಿಸುವ ಮೊದಲು ಹೊಳೆಯಿತು, ಇದನ್ನು ಅವರು ಓದುವುದು ಹೇಗೆ? ಓದಲು ಬೇಕಾದ ಬಟನ್ನೇ ಇಲ್ಲ.

ಆರು ವರ್ಷದ ಈ ಕೆಲಸದಲ್ಲಿ ಅವರು ಬಳಕೆದಾರರೊಬ್ಬರಿಗೆ ಫೋನ್ ಮಾಡಿದ್ದು ಅದೊಂದೇ ಸಲ. ಆ ಮುದುಕರದ್ದೇ ಮಾದರಿಯ ಫೋನು ಸಾಲಿನಲ್ಲಿ ನಾಲ್ಕನೆಯದು. ಅದನ್ನು ಮುಂದಿಟ್ಟುಕೊಂಡು, ಇಲ್ಲಿ ತಮ್ಮ ಬೆರಳು ಇಟ್ಟಲ್ಲೇ ಅಲ್ಲಿ ಅವರ ಬೆರಳು ಇಡಿಸುತ್ತ ಹೋದರು. ಕೆಳಗಿನ ಅಂಚಿನಿಂದ ಎರಡು ಬೆರಳು ಮೇಲೆ, ಬಲಮೂಲೆ, ಅಲ್ಲಲ್ಲ, ಇನ್ನೂ ಬಲಕ್ಕೆ, ಈಗ ಸದ್ದು ಬಂತೇ? ಫೋನ್ ಮಾರಿದ ಅಂಗಡಿಯವನು ಅವರನ್ನು ಪರೀಕ್ಷೆಯ ಗುಂಪಿಗೆ ಸೇರಿಸಿದ್ದು ಅವರಿಗೆ ತಿಳಿದೇ ಇರಲಿಲ್ಲ. ಅದರಿಂದ ಹೊರಗೆ ತಂದು, ಆ್ಯಪ್ ತೆಗೆಸಿ, ಹಳೆಯದನ್ನು ಹಾಕಿಸುವಷ್ಟರಲ್ಲಿ ನಲವತ್ತೈದು ನಿಮಿಷ ಆಗಿತ್ತು. ರಿಪ್ಲೈ ಅಕ್ಕನ ದನಿ ಮುಕ್ಕಾಲು ಕೂತುಹೋಗಿತ್ತು. ಶೀತವೇನಮ್ಮ, ಬಿಸಿನೀರು ಕುಡಿಯಿರಿ ಎಂದು ಮುದುಕರು ನಡುವೆ ಎರಡು ಸಲ ಹೇಳಿದರಂತೆ. ಆಮೇಲೆ ಫೋನಿನ ಆ ಕಡೆಯಿಂದ ಯಂತ್ರದ ದನಿ ಕೇಳಿಸಿತು. ಮಗಳ ಪತ್ರ. ಅಪ್ಪಾ, ಇಲ್ಲಿ ಮೂರು ದಿನದಿಂದ ಅಲೆ ಜೋರು, ಸಾರಿನ ಪಾತ್ರೆಯನ್ನು ಹಗ್ಗದಿಂದ ಕಟ್ಟಿಟ್ಟಿದ್ದೇನೆ. ಅಷ್ಟು ಕೇಳಿ ಮುದುಕರು ಫೋನನ್ನು ಮತ್ತೆ ಕಿವಿಗೆ ಹಿಡಿದರು.

"ಇನ್ನು ಇದು ಹೋಗಲ್ಲ ತಾನೇ, ತಾಯಿ?"

"ಹೋಗಲ್ಲ ಸರ್."

ಹೇಳಿಬಿಟ್ಟರು. ಹಾಗೆ ಹೇಳುವ ಅಧಿಕಾರ ಅವರಿಗೆ ಇರಲಿಲ್ಲ. ಹನ್ನೆರಡು ದಿನದಲ್ಲಿ ಎಲ್ಲರ ಫೋನಿನಿಂದಲೂ ಅದು ಹೋಗುವುದಿತ್ತು. ಫೋನಿಟ್ಟವರು 'ಆಮೇಲೆ' ಫೋಲ್ಡರ್ ತೆರೆದು ಪ್ರಿಂಟ್ ಕೊಟ್ಟರು. ಕಾಗದ ಎರಡು ಸಲ ಮುಗಿಯಿತು. ಕಟ್ಟನ್ನು ಎದೆಗವುಚಿಕೊಂಡು ಮೂರನೇ ಮಹಡಿಗೆ ಹೋದರು. ಲಿಫ್ಟ್ ಇತ್ತು, ಮೆಟ್ಟಿಲು ಹತ್ತಿದರು. ಅಷ್ಟು ಹೊತ್ತಾದರೂ ಸಿಗಲಿ ಎಂದು.

ಗಾಜಿನ ಕೋಣೆಯಲ್ಲಿ ತಂಗಿಯ ಜೊತೆ ಇನ್ನಿಬ್ಬರಿದ್ದರು. ಅಕ್ಕನ ಮುಖ ನೋಡಿ ತಂಗಿಯೇ ಅವರನ್ನು ಹೊರಗೆ ಕಳಿಸಿದರು.

"ಏನಕ್ಕ ಇದು?"

"ನಿನ್ನ ಬಟನ್ ಚೆನ್ನಾಗಿದೆ ಅಂತ ಬರೆದಿದ್ದಾರೆ. ನಾನ್ನೂರ ಹನ್ನೆರಡು ಜನ."

"ಯಾವಾಗ?"

"ಏಳು ತಿಂಗಳಿಂದ."

"ವರದೀಲಿ ಇರಲಿಲ್ಲವಲ್ಲ."

"ನಾನೇ ಹಾಕ್ಲಿಲ್ಲ."

ತಂಗಿ ಮೇಲಿನ ಎರಡು ಹಾಳೆ ಓದಿದರು. ಯಾಕೆ ಎಂದು ಕೇಳಲಿಲ್ಲ. ಕೇಳದೆ ಇದ್ದದ್ದಕ್ಕೇ ಅಕ್ಕ ತಾವಾಗಿ ಹೇಳಿದರು, ನಿನ್ನ ಮೇಲೆ ಹೊಟ್ಟೆಕಿಚ್ಚು ಎಂದು. ಅಷ್ಟು ಹೊತ್ತಿಗೆ ದನಿ ಉಡುಗಿ ಹೋಗಿತ್ತು, ಆ ಮಾತು ಬರೀ ಗಾಳಿಯಾಗಿ ಹೊರಗೆ ಬಂತು. ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡು ಮೊದಲ ಹಾಳೆಯ ಅಂಚಿನಲ್ಲಿ ಬರೆದು ತೋರಿಸಿದರು.

ತಂಗಿ ಓದಿದರು. ಕಟ್ಟನ್ನು ತಮ್ಮ ಕಡೆ ಎಳೆದುಕೊಂಡರು.

"ಏಳು ತಿಂಗಳು ನನಗೆ ಕೆಲಸವೇ ಬರಲ್ಲ ಅಂದ್ಕೊಂಡಿದ್ದೆ ಅಕ್ಕ. ಬೇರೆ ಕಡೆ ಕೆಲಸಕ್ಕೆ ಅರ್ಜಿ ಹಾಕಿದ್ದೆ."

ಬಟನ್ ಉಳಿಯಿತು. ತಪ್ಪಿ ತಗುಲಿದರೆ ತೆರೆಯದಂತೆ, ಒಂದು ಕ್ಷಣ ಒತ್ತಿ ಹಿಡಿದರೆ ಮಾತ್ರ ತೆರೆಯುವಂತೆ ಮಾಡಿದರು. ಎಷ್ಟು ಹೊತ್ತು ಒತ್ತಿದರೆ ನಡುಗುವ ಬೆರಳಿಗೂ ಆದೀತು ಎಂಬುದನ್ನು ಏಳೂ ಫೋನುಗಳಲ್ಲಿ ಒತ್ತಿ ನೋಡಿ ಹೇಳಿದವರು ರಿಪ್ಲೈ ಅಕ್ಕನೇ. ಅದೇ ವಾರ ಅವರ ಕೈಗೆ ಎಚ್ಚರಿಕೆಯ ಪತ್ರ ಬಂತು. ಶುಕ್ರವಾರದ ವರದಿಯನ್ನು ಅವರಿಂದ ತೆಗೆದು ಬೇರೆಯವರಿಗೆ ಕೊಟ್ಟರು. ಇಂದಿಗೂ ವಾಪಸ್ ಕೊಟ್ಟಿಲ್ಲ. ಅದು ಸರಿಯೇ ಎನ್ನುತ್ತಾರೆ.

ತಂಗಿ ಹನ್ನೊಂದು ವಾರ ಮಾತು ಬಿಟ್ಟರು. ಅಮ್ಮನನ್ನು ನೋಡಲು ಅಕ್ಕ ಕಚೇರಿಯಲ್ಲಿರುವ ಹೊತ್ತು ಹುಡುಕಿ ಬಂದು ಹೋಗುತ್ತಿದ್ದರು. ಅಮ್ಮನಿಗೆ ಇಬ್ಬರೂ ಏನೂ ಹೇಳಲಿಲ್ಲ. ಹನ್ನೆರಡನೇ ವಾರದ ಮಂಗಳವಾರ ಬೆಳಿಗ್ಗೆ ಆರಕ್ಕೆ ನೆಲಮಹಡಿಯ ಬಾಗಿಲು ತೆರೆಯಿತು. ತಂಗಿ ಬಂದು ಪಕ್ಕದ ಕುರ್ಚಿ ಎಳೆದುಕೊಂಡು ಕೂತು, ನನಗೂ ಇಪ್ಪತ್ತು ಕೊಡು ಎಂದರು. ಅಂದಿನಿಂದ ಪ್ರತಿ ಮಂಗಳವಾರ ಏಳೂವರೆಯವರೆಗೆ ಅವರು ದೂರು ಓದಿ ಉತ್ತರ ಬರೆಯುತ್ತಾರೆ.

ಈ ಲೇಖನಕ್ಕಾಗಿ ನಾನು ಅವರನ್ನೂ ಕಂಡೆ. ಅಕ್ಕನ ಬಗ್ಗೆ ಹೆಚ್ಚು ಮಾತಾಡಲಿಲ್ಲ. ಹೊರಡುವಾಗ ಮಾತ್ರ, ಆ ಹಳೆಯ ಲೇಖನದಲ್ಲಿ ನಾನು ಹಾಗೆ ಹೇಳಿರಲಿಲ್ಲ, ನಿಮ್ಮ ಟಿಪ್ಪಣಿ ಪುಸ್ತಕ ಇದ್ದರೆ ನೋಡಿ ಎಂದರು. ಮನೆಗೆ ಬಂದು ಹುಡುಕಿದೆ. ನನ್ನದೇ ಕೈಬರಹದಲ್ಲಿ ಇತ್ತು: 'ಒಂದೊಂದು ದೂರನ್ನೂ ಓದುತ್ತೇವೆ. ಕೆಳಗೆ ನಮ್ಮ ಅಕ್ಕನೇ ಇದ್ದಾಳೆ.' ಜಾಗ ಸಾಲದೆಂದು ಎರಡನೇ ವಾಕ್ಯ ಬಿಟ್ಟವರು ನಾನು. 'ಓದುತ್ತೇವೆ' ಎಂಬುದನ್ನು 'ನಾನು ಓದುತ್ತೇನೆ' ಎಂದು ಮಾಡಿದ್ದೂ ನಾನು. ಒಬ್ಬರ ಬಗ್ಗೆ ಬರೆಯುವಾಗ ಒಬ್ಬರೇ ಇದ್ದರೆ ಓದಲು ಚೆನ್ನ ಎಂದು ಅನ್ನಿಸಿತ್ತು.

ಮರುದಿನ ಪುಸ್ತಕ ಹಿಡಿದುಕೊಂಡೇ ನೆಲಮಹಡಿಗೆ ಹೋಗಿ ತೋರಿಸಿದೆ, ಕ್ಷಮೆ ಕೇಳಿದೆ. ರಿಪ್ಲೈ ಅಕ್ಕ ಆ ಎರಡು ಸಾಲನ್ನು ತುಂಬ ಹೊತ್ತು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಅವರ ಕಣ್ಣು ತುಂಬುತ್ತದೆ, ಹೊಟ್ಟೆಕಿಚ್ಚೆಲ್ಲ ಕರಗಿತು ಎನ್ನುತ್ತಾರೆ ಎಂದು ನಾನು ಕಾದೆ.

"ನೀವು ತಪ್ಪು ಬರೆದ್ರಿ, ಸರಿ. ಆದ್ರೆ ಅವಳು ತಿದ್ದಿಸಲಿಲ್ಲವಲ್ಲ" ಎಂದರು.

ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟರು. ಆಮೇಲೆ, ಹೋಗುವ ಮೊದಲು ಆ ಪುಟದ ಒಂದು ಫೋಟೋ ತೆಗೆದುಕೊಳ್ಳಲೇ ಎಂದು ಕೇಳಿ ತೆಗೆದುಕೊಂಡರು. ಅಮ್ಮನಿಗೆ ತೋರಿಸಲೆಂದೋ ತಮಗೆಂದೋ ಹೇಳಲಿಲ್ಲ.

ಅಂದು ಮಂಗಳವಾರ. ತಂಗಿ ಆಗಷ್ಟೇ ಮೇಲೆ ಹೋಗಿದ್ದರು, ಪಕ್ಕದ ಕುರ್ಚಿ ಇನ್ನೂ ಓರೆಯಾಗಿಯೇ ಇತ್ತು. ಈಗ ಹೇಗಿದೆ ಎಂದು ಕೇಳಿದೆ. ಅವಳು ಬರುವ ಮುಂಚೆ ಮಂಗಳವಾರ ನನ್ನದಾಗಿತ್ತು ಎಂದರು, ಅರ್ಧ ತಮಾಷೆಗೆ. ಎರಡನೇ ವಾರಕ್ಕೇ ಒಬ್ಬ ಬಳಕೆದಾರ ತಂಗಿಯ ಉತ್ತರಕ್ಕೆ ಧನ್ಯವಾದ ಬರೆದು ಐದು ನಕ್ಷತ್ರ ಕೊಟ್ಟನಂತೆ. ಇವರಿಗೆ ಮೊದಲ ಐದು ನಕ್ಷತ್ರ ಬರಲು ನಾಲ್ಕು ತಿಂಗಳಾಗಿತ್ತು. ಅಂದು ತಂಗಿಗೆ ಚಹಾ ಕೊಡುವುದನ್ನು ಮರೆತೆ, ನಿಜವಾಗಿ ಮರೆತದ್ದಲ್ಲ ಎಂದು ಒಪ್ಪಿಕೊಂಡರು. ಆದರೆ ಆ ಧನ್ಯವಾದದ ಪತ್ರವನ್ನು ವರದಿ ಮಾಡುವವರಿಗೆ ಅದೇ ಕ್ಷಣ ಕಳಿಸಿದರು. ಈಗೆಲ್ಲ ಹೊಟ್ಟೆ ಉರಿದರೂ ಕಳಿಸುತ್ತಾರೆ. ಕಳಿಸಿದ ಮೇಲೆ ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬರುತ್ತಾರೆ.

ಆ್ಯಪಿನ ಒಳಗೆ, ತುಂಬ ಕೆಳಗೆ, ಅದನ್ನು ಮಾಡಿದವರ ಹೆಸರಿನ ಒಂದು ಪಟ್ಟಿ ಇದೆ. ಮೂವತ್ತೊಂದು ಹೆಸರು. ಇವರದ್ದಿಲ್ಲ. ಅಲ್ಲಿ ನಿಮ್ಮ ಹೆಸರು ಬೇಕೆನ್ನಿಸುತ್ತದೆಯೇ ಎಂದು ಕೇಳಿದೆ. ಬೇಡ ಎನ್ನುತ್ತಾರೆಂದುಕೊಂಡಿದ್ದೆ.

"ಬೇಕು. ಯಾಕೆ ಬೇಡ ಅನ್ನಲಿ? ಕೇಳಿದ್ದೀನಿ ಕೂಡ. ನೋಡೋಣ ಅಂದಿದ್ದಾರೆ."

ಅಷ್ಟರಲ್ಲಿ ಪರದೆಯ ಮೇಲೆ ಹೊಸ ದೂರು ಬಂದು ಬೀಳುತ್ತದೆ. ಅವರು ಓದುತ್ತಾರೆ. ಓದಿ, ಕುರ್ಚಿಯನ್ನು ಪಕ್ಕಕ್ಕೆ ಸರಿಸಿ ನನಗೂ ತೋರಿಸುತ್ತಾರೆ. ಹೊಲಿಗೆ ಅಂಗಡಿಯ ಹೆಂಗಸೊಬ್ಬರು ಬರೆದಿದ್ದಾರೆ. ಕಳುಹಿಸಿದ ಅಳತೆಯ ಚಿತ್ರಗಳು ಗಿರಾಕಿಗೆ ತಲೆಕೆಳಗಾಗಿ ಹೋಗುತ್ತಿವೆಯಂತೆ. ಕೊನೆಯ ಸಾಲಿನ ಮೇಲೆ ಅವರು ಬೆರಳಿಡುತ್ತಾರೆ: 'ಹಿಂದಿನ ಸಲ ಉತ್ತರ ಬರೆದವರೇ ಈ ಸಲವೂ ಬರೆಯಲಿ, ಬೇರೆಯವರು ಬೇಡ.'

ಆ ಸಾಲನ್ನು ಎರಡನೇ ಸಲ, ಇರುವಷ್ಟು ದನಿಯಲ್ಲಿ ಓದುತ್ತಾರೆ. ಐದನೇ ಫೋನನ್ನು ಹತ್ತಿರ ಎಳೆದುಕೊಂಡು ಒಂದು ಚಿತ್ರ ಹುಡುಕುತ್ತ, ನನ್ನ ಕಡೆ ನೋಡದೆ ಹೇಳುತ್ತಾರೆ.

"ಈ ಥರ ಒಂದು ಸಾಲು ಅವಳಿಗೆ ಇನ್ನೂ ಯಾರೂ ಬರೆದಿಲ್ಲ. ನಾನು ಹುಡುಕಿ ನೋಡಿದ್ದೀನಿ."